ವಸಂತದ ಬೆಳಗು: ಲಾಲ್‌ಬಾಗಿನಲ್ಲೂ ಕೆರೆ ದಂಡೆಯಲ್ಲೂ ಹಕ್ಕಿ ನೋಡುವ ಬಗೆ

ಬೆಂಗಳೂರಿನಲ್ಲಿ ಹಕ್ಕಿ ನೋಡಲು ಫೆಬ್ರುವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ ಬಹಳ ಒಳ್ಳೆಯ ಕಾಲ. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಅನೇಕ ಇನ್ನೂ ಹೊರಟಿರುವುದಿಲ್ಲ, ಊರಿನವು ಆಗಲೇ ಗೂಡಿನ ಗಡಿಬಿಡಿಯಲ್ಲಿರುತ್ತವೆ. ಜೊತೆಗೆ ಹಲವು ಹಕ್ಕಿಗಳು ಪುಕ್ಕದ ಬಣ್ಣ ಬದಲಿಸುತ್ತಿರುತ್ತವೆ. ಹೊಸಬರು ಗುರುತಿಸುವಾಗ ಎಡವುವುದು ಹೆಚ್ಚಾಗಿ ಇಲ್ಲೇ.

ಬೈನಾಕ್ಯುಲರ್ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಸಾಕು. ಹತ್ತು ಪಟ್ಟಿನದು ಕೈ ನಡುಕವನ್ನೂ ಹಿಗ್ಗಿಸುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದು. ಮೊದಲ ದಿನವೇ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ: ಬಲಗಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವ ತನಕ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ. ಕನ್ನಡಕ ಇದ್ದವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಕೆಳಗಿಳಿಸಿಕೊಳ್ಳಬೇಕು. ಹಕ್ಕಿ ಕಂಡಾಗ ಅದರ ಮೇಲಿನ ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಬಗ್ಗಿ ಅದನ್ನು ನೋಡಿಕೊಂಡು ಎತ್ತಿದರೆ ಕೊಂಬೆ ತಪ್ಪಿಹೋಗುತ್ತದೆ.

ಲಾಲ್‌ಬಾಗಿಗೆ ಬೆಳಿಗ್ಗೆ ಆರಕ್ಕೇ ಹೋಗಿ. ಇಡೀ 240 ಎಕರೆ ಸುತ್ತುವ ಆಸೆ ಬೇಡ. ಹೂ ಬಿಟ್ಟ ಒಂದು ಮರ ಹುಡುಕಿ, ಇಪ್ಪತ್ತು ಹೆಜ್ಜೆ ದೂರದಲ್ಲಿ ಅರ್ಧ ಗಂಟೆ ನಿಲ್ಲಿ. ಕೆಂಪು ಬೂರುಗವೋ ಹಾಲುವಾಣವೋ ಆದರೆ ಸೂರಕ್ಕಿ, ಗೊರವಂಕ, ಕಾಜಾಣ ಒಂದರ ಹಿಂದೊಂದು ಬರುತ್ತವೆ. ಕಂಚುಗಾರ ಹಕ್ಕಿಯ ‘ಟುಕ್, ಟುಕ್’ ಸದ್ದು ದಿಕ್ಕು ತಪ್ಪಿಸುತ್ತದೆ, ಏಕೆಂದರೆ ಕೂಗುವಾಗ ಅದು ತಲೆಯನ್ನು ಅತ್ತಿತ್ತ ತಿರುಗಿಸುತ್ತಿರುತ್ತದೆ. ಸದ್ದಿನ ಬೆನ್ನು ಹತ್ತುವ ಬದಲು ಮರದ ತುತ್ತತುದಿಯ ಬೋಳು ಕಡ್ಡಿಗಳನ್ನು ನೋಡಿ. ಗುಬ್ಬಿಗಿಂತ ತುಸು ದೊಡ್ಡದು, ಮೈ ಹಸಿರು, ಹಣೆ ಕಡುಗೆಂಪು, ಗಂಟಲು ಹಳದಿ. ಒಣಕೊಂಬೆಯ ಕೆಳಮೈಯಲ್ಲಿ ದುಂಡನೆಯ ತೂತೂ ನೆಲದ ಮೇಲೆ ಹೊಸ ಮರದ ಪುಡಿಯೂ ಕಂಡರೆ ಅಲ್ಲಿ ಗೂಡು ಕೊರೆಯುತ್ತಿದೆ ಎಂದೇ ಲೆಕ್ಕ. ಆಗ ಹಿಂದೆ ಸರಿದುಬಿಡಿ.

ಕೆರೆಗೆ ಹೋದಾಗ, ಹೆಬ್ಬಾಳವಾಗಲಿ ಮಡಿವಾಳವಾಗಲಿ, ಬೆಳಗ್ಗೆ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸೂರ್ಯ ಎದುರಿಗಿದ್ದರೆ ಎಲ್ಲ ಬಾತೂ ಕರಿ ಬೊಂಬೆಯೇ. ಮೊದಲು ದಡದ ಕೆಸರು, ಆಮೇಲೆ ಜೊಂಡಿನ ಅಂಚು, ಕೊನೆಗೆ ನಡುನೀರು. ನಡುನೀರಿನ ಹೆಜ್ಜಾರ್ಲೆ (ಪೆಲಿಕನ್) ಎಲ್ಲಿಗೂ ಹೋಗುವುದಿಲ್ಲ, ಕೆಸರಿನ ಚಿಕ್ಕ ಹಕ್ಕಿಗಳು ಮಾತ್ರ ನಿಮ್ಮ ನೆರಳು ಕಂಡರೂ ಹಾರಿಬಿಡುತ್ತವೆ.

ಬಣ್ಣ ಬದಲಿಸಿದವರನ್ನು ಇಲ್ಲೇ ಗಮನಿಸಬೇಕು. ಚಳಿಗಾಲದಲ್ಲಿ ಮಣ್ಣುಬಣ್ಣದ ಗೀರುಗಳಿದ್ದ ಕೊಳದ ಬಕಕ್ಕೆ ಈಗ ಬೆನ್ನು ಕಡುಗಂದು. ನೀರಲ್ಲಿ ಮುಳುಗೇಳುವ ಚಿಕ್ಕ ಹಕ್ಕಿ ಗುಳುಮುಳುಕನ ಕತ್ತು ಕೆಂಗಂದಾಗಿ, ಕೊಕ್ಕಿನ ಬುಡದಲ್ಲಿ ಹಳದಿ ಚುಕ್ಕೆ ಮೂಡುತ್ತದೆ. ಚಿಕ್ಕ ಬೆಳ್ಳಕ್ಕಿಯ ನೆತ್ತಿಯ ಹಿಂದೆ ಎರಡು ಉದ್ದನೆ ಗರಿ ಜೋತಾಡುತ್ತವೆ. ಹಾಗಾಗಿ ಪುಸ್ತಕದಲ್ಲಿ ಎರಡೂ ಕಾಲದ ಚಿತ್ರ ನೋಡದೆ ಹೆಸರು ಬರೆಯಬೇಡಿ.

ಮರ್ಲಿನ್ ಆ್ಯಪ್ ದನಿ ಕೇಳಿ ಹೇಳುವ ಹೆಸರು ಸುಳಿವು ಅಷ್ಟೇ. ಕಾಜಾಣ ಶಿಕ್ರ ಎಂಬ ಗಿಡುಗದಂತೆ ಕೂಗಬಲ್ಲದು. ಕಣ್ಣಾರೆ ಕಂಡ ಮೇಲೆ ಪಟ್ಟಿಗೆ ಸೇರಿಸಿ. ಈ ತಿಂಗಳುಗಳಲ್ಲಿ ಫೋನಿನಿಂದ ಹಕ್ಕಿಯ ಕೂಗು ನುಡಿಸಲೇಬೇಡಿ: ಎದುರಾಳಿ ಬಂದನೆಂದು ಗಂಡು ಗೂಡು ಬಿಟ್ಟು ಹುಡುಕಾಡುತ್ತದೆ, ಅಷ್ಟರಲ್ಲಿ ಕಾಗೆಗೆ ದಾರಿಯಾಗುತ್ತದೆ.

ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಹೊರಟ ಹೊತ್ತು, ಕಳೆದ ನಿಮಿಷ, ನಡೆದ ದೂರ ಮೂರನ್ನೂ ತುಂಬಿ. ಕಾಗೆ, ಪಾರಿವಾಳವನ್ನೂ ಎಣಿಸಿ.