ಫೋಟೊ ಜೋಡಿಸುವಾಗ ಟ್ಯಾಗ್ ಕೊನೆಗಿರಲಿ

ಸಾವಿರಾರು ಫೋಟೊಗಳನ್ನು ಡಿಜಿಕ್ಯಾಮ್ ಎಂಬ ಫೋಟೊ ಜೋಡಿಸುವ ತಂತ್ರಾಂಶಕ್ಕೆ ಸೇರಿಸಿದ ಕೂಡಲೇ ಹೆಸರು, ಊರು ಎಂದು ಟ್ಯಾಗ್ ಹಾಕಲು ಮನಸ್ಸಾಗುತ್ತದೆ. ನಾನೂ ಅಲ್ಲಿಂದಲೇ ಶುರುಮಾಡಿ, ಕೆಲಸವನ್ನು ಎರಡು ಸಲ ಮಾಡಬೇಕಾಯಿತು. ಟ್ಯಾಗನ್ನು ಫೈಲಿನೊಳಗೆ ಬರೆದರೆ ಚಿತ್ರ ಹಾಗೇ ಇರುತ್ತದೆ, ಆದರೆ ಫೈಲಿನ ಬೈಟುಗಳು ಬದಲಾಗುತ್ತವೆ. ಒಂದು ಪ್ರತಿಗೆ ಟ್ಯಾಗ್ ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ, ಹ್ಯಾಶ್ (ಫೈಲಿನ ಬೈಟುಗಳಿಂದ ಲೆಕ್ಕಹಾಕಿದ ಗುರುತು) ಹೋಲಿಸಿ ನಕಲು ಹುಡುಕುವ ತಂತ್ರಾಂಶಕ್ಕೆ ಅವೆರಡೂ ಬೇರೆ ಬೇರೆಯೇ. ಆದ್ದರಿಂದ ಈಗ ಮೊದಲು ನಕಲು, ಆಮೇಲೆ ತಾರೀಖು, ಕೊನೆಗೆ ಟ್ಯಾಗ್. ಎಲ್ಲಕ್ಕೂ ಮೊದಲು ಇಡೀ ಸಂಗ್ರಹದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ.

ಹ್ಯಾಶ್ ತಾಳೆಯಾದ ನಕಲುಗಳನ್ನು ಕಣ್ಣುಮುಚ್ಚಿ ಅಳಿಸಬಹುದು. ಆಮೇಲೆ ಡಿಜಿಕ್ಯಾಮ್‌ನ ಹೋಲಿಕೆ ಹುಡುಕಾಟವನ್ನು 90 ಪ್ರತಿಶತದಿಂದ ಮೇಲಕ್ಕಿಟ್ಟು ಓಡಿಸುತ್ತೇನೆ. ಇಲ್ಲಿ ಮಾತ್ರ ಅವಸರ ಬೇಡ: ಒಂದರ ಹಿಂದೊಂದು ಕ್ಲಿಕ್ಕಿಸಿದ ಚಿತ್ರಗಳೂ ನಕಲಿನಂತೆ ಕಾಣುತ್ತವೆ. ಪಿಕ್ಸೆಲ್ ಅಳತೆ ದೊಡ್ಡದಿದ್ದು, ಎಕ್ಸಿಫ್ ಮಾಹಿತಿ (ತೆಗೆದ ಸಮಯ, ಕ್ಯಾಮೆರಾ ಮಾದರಿ ಎಂದು ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ವಿವರ) ಉಳಿದಿರುವ ಪ್ರತಿಯೇ ಮೂಲ.

ಹೆಚ್ಚು ಸಮಯ ಹಿಡಿಯುವುದು ತಾರೀಖು. ಫೋಲ್ಡರಿನಲ್ಲಿ ಕಾಣುವ ಫೈಲಿನ ತಾರೀಖನ್ನು ನಂಬಬೇಡಿ, ಕಾಪಿ ಮಾಡಿದರೆ ಅಥವಾ ತಿದ್ದಿದರೆ ಅದು ಬದಲಾಗಬಹುದು. ಬೇಕಿರುವುದು ಎಕ್ಸಿಫ್‌ನೊಳಗಿನ 'ಡೇಟ್‌ಟೈಮ್‌ಒರಿಜಿನಲ್', ಅಂದರೆ ಚಿತ್ರ ತೆಗೆದ ಸಮಯ. ಕ್ಯಾಮೆರಾದ ಗಡಿಯಾರವೇ ತಪ್ಪಾಗಿದ್ದರೆ, ನಿಜವಾದ ಸಮಯ ಖಚಿತವಾಗಿ ಗೊತ್ತಿರುವ ಒಂದು ಫೋಟೊ ಹುಡುಕಿ ವ್ಯತ್ಯಾಸ ಲೆಕ್ಕಹಾಕಿ. ಕ್ಯಾಮೆರಾ ಮಾದರಿಯಿಂದ ಫಿಲ್ಟರ್ ಮಾಡಿ, ಆ ಕ್ಯಾಮೆರಾದ ಚಿತ್ರಗಳಿಗಷ್ಟೇ ಅದನ್ನು ಕೂಡಿಸಿ ಅಥವಾ ಕಳೆಯಿರಿ. ಫಿಲ್ಟರ್ ಮರೆತರೆ ಅದೇ ದಿನ ಫೋನಿನಲ್ಲಿ ತೆಗೆದ ಸರಿಯಾದ ಚಿತ್ರಗಳೂ ಕೆಡುತ್ತವೆ. ಇದಕ್ಕೆ ಎಕ್ಸಿಫ್ ತಿದ್ದುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸುವವರು ಗಮನಿಸಿ: ತಿದ್ದಿದ ಪ್ರತಿ ಫೈಲಿಗೂ ಅದು ಹಳೆಯ ಪ್ರತಿಯನ್ನು ಪಕ್ಕದಲ್ಲೇ ಉಳಿಸುತ್ತದೆ. ಪರಿಶೀಲಿಸಿದ ಮೇಲೆ ಅವನ್ನು ಅಳಿಸದಿದ್ದರೆ ಜಾಗ ದುಪ್ಪಟ್ಟಾಗುತ್ತದೆ.

ವಾಟ್ಸ್ಆ್ಯಪ್‌ನಿಂದ ಬಂದ ಫೋಟೊಗಳಲ್ಲಿ ಎಕ್ಸಿಫ್ ತಾರೀಖು ಸಾಮಾನ್ಯವಾಗಿ ಇರುವುದೇ ಇಲ್ಲ. ಹೆಸರಿನಲ್ಲಿರುವ 20190412 ಎಂಬಂಥ ಅಂಕಿ ಕೈಗೆ ಬಂದ ದಿನ, ತೆಗೆದ ದಿನವಲ್ಲ. ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಿಗೆ ವರ್ಷ ಮಾತ್ರ ಗೊತ್ತಿದ್ದರೆ ಜನವರಿ 1 ಎಂದು ಕೊಡುತ್ತೇನೆ, ಕೊನೆಯ ಹಂತದಲ್ಲಿ ಇಂಥವಕ್ಕೆಲ್ಲ 'ಅಂದಾಜು ತಾರೀಖು' ಎಂಬ ಟ್ಯಾಗ್ ಕಡ್ಡಾಯ. ಅದಿಲ್ಲದಿದ್ದರೆ ಮುಂದೆ ಊಹೆ ಯಾವುದು, ನಿಜ ಯಾವುದು ತಿಳಿಯುವುದಿಲ್ಲ.

ತಾರೀಖು ಸರಿಯಾದ ಮೇಲೆ 2016-08-14_173205 ಎಂಬ ಮಾದರಿಯಲ್ಲಿ ಹೆಸರು ಬದಲಿಸಿ. ಒಂದೇ ಸೆಕೆಂಡಿನ ಚಿತ್ರಗಳಿಗೆ ಕೊನೆಯಲ್ಲಿ ಕ್ರಮಸಂಖ್ಯೆ ಬೇಕು. ಫೋಲ್ಡರ್ ವರ್ಷ, ತಿಂಗಳು ಅಷ್ಟೇ ಸಾಕು.

ಟ್ಯಾಗ್ ಹಾಕುವ ಮುನ್ನ ಡಿಜಿಕ್ಯಾಮ್‌ನ ಮೆಟಾಡೇಟಾ ಸೆಟ್ಟಿಂಗ್‌ನಲ್ಲಿ, ಟ್ಯಾಗನ್ನು ಫೈಲಿಗೂ ಬರೆಯುವ ಆಯ್ಕೆಗೆ ಟಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಶ್ರಮವೆಲ್ಲ ಡೇಟಾಬೇಸ್‌ನಲ್ಲಷ್ಟೇ ಉಳಿಯುತ್ತದೆ, ಬೇರೆ ತಂತ್ರಾಂಶಕ್ಕೆ ಕಾಣುವುದಿಲ್ಲ. ರಾ ಫೈಲುಗಳಿಗೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರಗಳಿಗೆ) ನಾನು ಎಕ್ಸ್‌ಎಂಪಿ ಸೈಡ್‌ಕಾರ್, ಅಂದರೆ ಟ್ಯಾಗ್ ಬರೆದಿಡುವ ಪಕ್ಕದ ಪುಟ್ಟ ಫೈಲ್, ಬಳಸುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ. ಅಂಥ ಫೋಟೊವನ್ನು ಬೇರೆಡೆಗೆ ಒಯ್ಯುವಾಗ ಡಿಜಿಕ್ಯಾಮ್‌ನೊಳಗಿಂದಲೇ ಒಯ್ಯಿರಿ. ಫೈಲ್ ಮ್ಯಾನೇಜರ್‌ನಲ್ಲಿ ರಾ ಫೈಲನ್ನಷ್ಟೇ ಎಳೆದರೆ ಸೈಡ್‌ಕಾರ್ ಹಳೆಯ ಫೋಲ್ಡರಿನಲ್ಲೇ ಉಳಿದುಬಿಡುತ್ತದೆ.