ಕುಸುರೆಳ್ಳಿನ ಜೊತೆ ಒಂದು ಡಬ್ಬಿ ಟಾಫಿ

ಸಂಕ್ರಾಂತಿಗೆ ನಮ್ಮ ಕಲಬುರಗಿಯಲ್ಲಿ ಮನೆ ಮನೆಗೆ ಹೋಗಿ ಕುಸುರೆಳ್ಳು ಕೊಡುತ್ತೇವೆ. ಮೂರು ವರ್ಷದಿಂದ ನಾನು ಅದರ ಜೊತೆ ಒಂದು ಸಣ್ಣ ಡಬ್ಬಿ ಶೇಂಗಾ ಟಾಫಿಯನ್ನೂ ಇಡುತ್ತಿದ್ದೇನೆ. ಮಕ್ಕಳು ಮೊದಲು ಡಬ್ಬಿಗೇ ಕೈ ಹಾಕುತ್ತಾರೆ. ಕುಸುರೆಳ್ಳು ಪಾಪ, ಪಕ್ಕಕ್ಕೆ.

ಮೊದಲ ಸಲ ಮಾಡಿದ್ದು ಶ್ರಾವಣದಲ್ಲಿ, ರಾಖಿಗೆ ಅಣ್ಣನಿಗೆ ಕೊಡಲು. ಹೊರಗೆ ಜಿಟಿಜಿಟಿ ಮಳೆ. ಸಂಜೆಯ ಹೊತ್ತಿಗೆ ತುಂಡುಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆ! ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅಷ್ಟೇ. ನಮ್ಮೂರ ಜನವರಿಯ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು.

ಎರಡನೇ ಸಲ ದೀಪಾವಳಿಗೆ. ಅವಸರಕ್ಕೆ ತೆಳು ಪಾತ್ರೆ ಇಟ್ಟು ಉರಿ ಏರಿಸಿದೆ. ಬೆಣ್ಣೆ ಒಡೆದು ತುಪ್ಪವಾಗಿ ಮೇಲೆ ತೇಲಿತು, ಸಕ್ಕರೆ ಕೆಳಗೆ ಕುಳಿತಿತು. ಹಾಗಾದಾಗ ಒಂದೆರಡು ಚಮಚ ಬಿಸಿ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಕೆಲವೊಮ್ಮೆ ಮತ್ತೆ ಕೂಡುತ್ತದೆ. ಅಂದು ಗೊತ್ತಿರಲಿಲ್ಲ, ಇಡೀ ಪಾತ್ರೆ ಚೆಲ್ಲಿದೆ.

ಈಗ ದಪ್ಪ ತಳದ ಕಡಾಯಿ ಬಿಟ್ಟು ಬೇರೆ ಮುಟ್ಟುವುದಿಲ್ಲ. 250 ಗ್ರಾಂ ಉಪ್ಪಿನ ಬೆಣ್ಣೆ, ಅಷ್ಟೇ ಸಕ್ಕರೆ, ಮೂರು ಚಮಚ ನೀರು, ಒಂದು ಚಮಚ ಲಿಕ್ವಿಡ್ ಗ್ಲೂಕೋಸ್. ಗ್ಲೂಕೋಸ್ ಇದ್ದರೆ ಸಕ್ಕರೆ ಮರಳಿ ಹರಳುಗಟ್ಟುವ ಭಯ ಕಡಿಮೆ. ಬದಾಮಿ, ಗೋಡಂಬಿ ಹಾಕುವವರು ಹಾಕಲಿ. ನನಗಂತೂ ಹುರಿದು ಸಿಪ್ಪೆ ತೆಗೆದ ಶೇಂಗಾವೇ ಇಷ್ಟ, ಒಂದು ದೊಡ್ಡ ಬಟ್ಟಲು. ಹಸಿಯಾಗಿ ಹಾಕಬೇಡಿ, ಟಾಫಿ ಕರುಂ ಅಂದರೂ ಕಾಳು ಮೆತ್ತಗೆ ಸಿಗುತ್ತದೆ.

ನಿಜವಾದ ಪರೀಕ್ಷೆ ಕೊನೆಯ ಎರಡು ನಿಮಿಷದ್ದು. ಪಾಕ ತುಂಬಾ ಹೊತ್ತು ಸುಮ್ನೆ ಕುದಿಯುತ್ತಿರುತ್ತದೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ. 140 ಡಿಗ್ರಿ ದಾಟಿದ ಮೇಲೆ ನೋಡನೋಡುತ್ತಲೇ ಬಣ್ಣ ತಿರುಗುತ್ತದೆ. 149 ಡಿಗ್ರಿಗೆ ಇಳಿಸುತ್ತೇನೆ. ಆಗ ಫೋನ್ ಬಂದರೆ ಎತ್ತಬಾರದು, ಎತ್ತಿದರೆ ಕಹಿ ಗ್ಯಾರಂಟಿ. ಥರ್ಮಾಮೀಟರ್ ಇಲ್ಲವಾ? ನಮ್ಮವ್ವ ಶೇಂಗಾ ಚಿಕ್ಕಿಗೆ ಮಾಡುವುದನ್ನೇ ಮಾಡಿ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡಿ. ಎಳೆದರೆ ಬಾಗಬಾರದು, ಟಕ್ ಎಂದು ಮುರಿಯಬೇಕು. ನಾನು ಥರ್ಮಾಮೀಟರ್ ಕೊಂಡ ದಿನ ಅವ್ವ ನಕ್ಕಿದ್ದಳು. ಎರಡೂ ಒಂದೇ ಹೊತ್ತಿಗೆ ಹೊಂದಿದವು, ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ.

ಇಳಿಸಿದ ಕೂಡಲೇ ಅರ್ಧ ಶೇಂಗಾ ಬೆರೆಸಿ ಬಟರ್ ಪೇಪರ್ ಹಾಸಿದ ತಟ್ಟೆಗೆ ಸುರಿಯುತ್ತೇನೆ. ಉಳಿದರ್ಧ ಮೇಲೆ ಉದುರಿಸಿ ಚಮಚದಿಂದ ಒತ್ತುತ್ತೇನೆ. ಬೆರಳಿನಿಂದ ಒತ್ತಲು ಹೋಗಬೇಡಿ. ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ನನ್ನ ಹೆಬ್ಬೆರಳ ಕಲೆ ಇನ್ನೂ ಇದೆ. ಪೂರ್ತಿ ಆರಿದ ಮೇಲೆ ಕೈಗೆ ಬಂದಂತೆ ಮುರಿದು, ಜಿಡ್ಡು ಒರೆಸಿ, ಆಗಲೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಫ್ರಿಜ್ ಬೇಡ. ಹಿಡಿದ ಕಡಾಯಿಗೆ ನೀರು ಹಾಕಿ ಕುದಿಸಿ, ತಾನೇ ಬಿಡುತ್ತದೆ.

ಪಕ್ಕದ ಮನೆ ಅಜ್ಜಿಗೆ ಹಲ್ಲಿಲ್ಲ. ಹೋದ ವರ್ಷ ಅವರಿಗೆ ಬರೀ ಕುಸುರೆಳ್ಳು ಕೊಟ್ಟು, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ್ರಿ" ಅಂದೆ. "ಡಬ್ಬಿ ಎಲ್ಲೈತಿ?" ಅಂದರು. ಎಲೆ-ಅಡಿಕೆ ಕುಟ್ಟುವ ಕುಟ್ಟಾಣಿ ಆಗಲೇ ತೊಳೆದು ಇಟ್ಟುಕೊಂಡಿದ್ದರು.