ಮೊದಲು ಮೊಣಕಾಲಿನ ವಿಷಯ ಹೇಳಿ

"ಇಟಲಿಯಲ್ಲಿ ಹತ್ತು ದಿನ. ಮಿಲಾನ್, ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಪೊಂಪೇ. ಅಪ್ಪ ಅಮ್ಮ ಜೊತೆಗಿರ್ತಾರೆ. ಪ್ಲ್ಯಾನ್ ಯಾವಾಗ ಕಳಿಸ್ತೀರಿ ಸರ್?"

ಮೆಸೇಜು ಇಷ್ಟೇ. ಇಂಥವು ನನಗೆ ವಾರಕ್ಕೆ ನಾಲ್ಕೈದು ಬರುತ್ತವೆ. ಒಂದು ಆನ್‌ಲೈನ್ ಸೇವೆಯಲ್ಲಿ ಕೂತು, ಮುಖ ನೋಡದವರ ಪ್ರವಾಸಕ್ಕೆ ಪ್ಲ್ಯಾನ್ ಮಾಡಿಕೊಡುವುದೇ ನನ್ನ ಕೆಲಸ. ಅವರು ಫಾರಂ ತುಂಬುತ್ತಾರೆ, ನಾನು ಚಾಟ್‌ನಲ್ಲೋ ಫೋನಿನಲ್ಲೋ ಮಾತಾಡುತ್ತೇನೆ, ಒಂದು ಕರಡು ಕಳಿಸುತ್ತೇನೆ. ಅವರು ಬೇಡ ಅಂದದ್ದನ್ನು ತೆಗೆದು ಮತ್ತೆ ಕಳಿಸುತ್ತೇನೆ. ಮೊದಮೊದಲು ಕರಡು ಬೇಗ ಕಳಿಸಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಈಗ ಫೋನಿನಲ್ಲಿ ಮಾತಾಡದೆ ಒಂದು ಸಾಲೂ ಬರೆಯುವುದಿಲ್ಲ.

ಆ ಮೆಸೇಜು ಕಳಿಸಿದ ಮಗಳಿಗೂ ಅದನ್ನೇ ಹೇಳಿದೆ: "ನಿಮ್ಮ ಅಮ್ಮನ ಹತ್ರ ಹತ್ತು ನಿಮಿಷ ಮಾತಾಡಬಹುದಾ?" ಆಕೆಗೆ ಆಶ್ಚರ್ಯ. ಫಾರಂನಲ್ಲಿ "ಆರೋಗ್ಯ ಸಮಸ್ಯೆ: ಇಲ್ಲ" ಅಂತ ತುಂಬಿದ್ದರು.

ಅಮ್ಮ ಲೈನಿಗೆ ಬಂದರು. ಮೆಟ್ಟಿಲು ಹತ್ತಲು ಕಷ್ಟವೇನಮ್ಮ ಅಂತ ಕೇಳಿದೆ. "ಹತ್ತೋದು ಏನೂ ಇಲ್ಲಪ್ಪ, ಇಳಿಯೋವಾಗಲೇ ಮೊಣಕಾಲು ನೋವಿಗೆ ಪ್ರಾಣ ಹೋಗುತ್ತೆ" ಅಂದರು. ಮಗಳಿಗೆ ಇದು ಗೊತ್ತೇ ಇರಲಿಲ್ಲ. ವೆನಿಸ್‌ನಲ್ಲಿ ಸೇತುವೆಗಳು ನಾನೂರಕ್ಕೂ ಜಾಸ್ತಿ. ಹೆಚ್ಚಿನವಕ್ಕೆ ಎರಡೂ ಕಡೆ ಮೆಟ್ಟಿಲು. ಹತ್ತಿದ ಮೇಲೆ ಇಳಿಯಲೇಬೇಕಲ್ವಾ! ಮಗಳು ಆರಿಸಿಟ್ಟಿದ್ದ ಹೋಟೆಲು ರೈಲ್ವೆ ಸ್ಟೇಷನ್‌ನಿಂದ ಮ್ಯಾಪಿನಲ್ಲಿ ಬರೀ ಒಂಬತ್ತು ನಿಮಿಷದ ನಡಿಗೆ. ಆ ಒಂಬತ್ತು ನಿಮಿಷದಲ್ಲಿ ಮೂರು ಸೇತುವೆ, ಕೈಯಲ್ಲಿ ಸೂಟ್‌ಕೇಸು.

ಅಂದು ಸಂಜೆ ಎರಡು ಗಂಟೆ ನಾನು ಮಾಡಿದ್ದು ಒಂದೇ ಕೆಲಸ. ವಪೊರೆಟ್ಟೊ, ಅಂದರೆ ಅಲ್ಲಿ ಬಸ್ಸಿನ ಹಾಗೆ ಓಡುವ ದೋಣಿ, ಅದರ ಒಂದೊಂದು ಸ್ಟಾಪಿನಿಂದ ಹತ್ತಿರದ ಹೋಟೆಲುಗಳ ಬಾಗಿಲವರೆಗೆ ಸ್ಟ್ರೀಟ್ ವ್ಯೂನಲ್ಲಿ "ನಡೆದು" ನೋಡಿದೆ. ದಾರಿಯಲ್ಲಿ ಒಂದೂ ಸೇತುವೆ ಇರಬಾರದು. ಆಮೇಲೆ ಹೋಟೆಲಿಗೆ ಲಿಫ್ಟ್ ಇರಬೇಕು. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇದೆ ಅಂತ ಬರೆದಿರುತ್ತಾರೆ, ಆದರೆ ಲಿಫ್ಟಿನವರೆಗೆ ಹೋಗಲು ಆರು ಮೆಟ್ಟಿಲು. ಅದಕ್ಕೆ ಹೋಟೆಲಿಗೇ ಫೋನ್ ಮಾಡಿ ಕೇಳುತ್ತೇನೆ. ಕೊನೆಗೆ ಎರಡು ಸಿಕ್ಕವು.

ಅಮ್ಮನ ಹತ್ತಿರ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೆ: ನಿಮಗೆ ಒಂದೇ ಒಂದು ನೋಡಬೇಕು ಅಂದ್ರೆ ಯಾವುದು? ತಡಮಾಡದೆ ಹೇಳಿದರು: ಏಸುವಿನ ಕೊನೆಯ ಭೋಜನದ ಚಿತ್ರ, ಲಿಯೊನಾರ್ಡೊ ಡಾ ವಿಂಚಿ ಬರೆದದ್ದು. ಮಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಅಲ್ಲಿಗೆ ಪ್ಲ್ಯಾನ್ ಪೂರ್ತಿ ತಿರುಗಿಬಿತ್ತು. ಮಿಲಾನ್‌ನಲ್ಲಿರುವ ಆ ಚಿತ್ರವನ್ನು ಸುಮ್ನೆ ಹೋಗಿ ನೋಡಲು ಆಗುವುದಿಲ್ಲ. ಒಂದು ಸಲಕ್ಕೆ ಕೆಲವೇ ಜನ, 15 ನಿಮಿಷ, ಸೋಮವಾರ ರಜೆ. ಲಿಯೊನಾರ್ಡೊ ಅದನ್ನು ಹಸಿ ಗಾರೆಯ ಮೇಲೆ ಬರೆಯದೆ ಒಣ ಗೋಡೆಯ ಮೇಲೆ ಬರೆದ. ಬಣ್ಣ ಅವನ ಕಾಲದಲ್ಲೇ ಉದುರಲು ಶುರುವಾಯಿತು. 1999ರಲ್ಲಿ ಮುಗಿದ ದುರಸ್ತಿಗೇ 20 ವರ್ಷಕ್ಕೂ ಜಾಸ್ತಿ ಹಿಡಿಯಿತು. ಹಾಗಾಗಿ ಧೂಳು, ತೇವ ಒಳಗೆ ಹೋಗದಂತೆ ಲೆಕ್ಕ ಹಾಕಿ ಜನರನ್ನು ಬಿಡುತ್ತಾರೆ. ಟಿಕೆಟ್ ಬಿಟ್ಟ ಕೂಡಲೇ ಖಾಲಿಯಾಗುತ್ತವೆ.

ಪುಣ್ಯಕ್ಕೆ ಅವರಿನ್ನೂ ವಿಮಾನದ ಟಿಕೆಟ್ ಮಾಡಿಸಿರಲಿಲ್ಲ. ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ ಆ 15 ನಿಮಿಷ ಸಿಕ್ಕಿತು. ಉಳಿದ ದಿನಗಳನ್ನು ಅದಕ್ಕೇ ಹೊಂದಿಸಿದೆ. ಬುಧವಾರ ಮಿಲಾನ್‌ನಲ್ಲಿ ಇಳಿಯುವುದು, ಕೊನೆಗೆ ರೋಮ್‌ನಿಂದ ವಾಪಸ್. ಹೋಗುವ ಊರು ಒಂದು, ಬರುವ ಊರು ಇನ್ನೊಂದು, ಆದರೆ ಟಿಕೆಟ್ ಒಂದೇ. ಬೇರೆ ಬೇರೆ ಟಿಕೆಟ್ ತೆಗೆದರೆ ಅಗ್ಗ ಅಂತ ಕಾಣುತ್ತೆ. ಆದರೆ ದಾರಿಯಲ್ಲಿ ವಿಮಾನ ಬದಲಿಸುವಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನಕ್ಕೆ ಹತ್ತಿಸುವ ತಲೆನೋವು ಅವರದು.

ಪೀಸಾ ತೆಗೆದೆ. ನೇಪಲ್ಸ್‌ನಲ್ಲಿ ತಂಗುವುದನ್ನು ತೆಗೆದೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು ಪೊಂಪೇ ಮಾತ್ರ ಅಪ್ಪ ಬಿಡಲಿಲ್ಲ. ಅಲ್ಲಿಯ ಕಲ್ಲುಹಾಸಿನ ರಸ್ತೆ ಅಮ್ಮನ ಮೊಣಕಾಲಿಗೆ ಆಗದು. ಅದಕ್ಕೆ ಒಂದು ದಿನ ಅಪ್ಪ ಮಗಳು ರೋಮ್‌ನಿಂದ ಹೋಗಿಬರುವುದು, ಅಮ್ಮನಿಗೆ ರಜೆ. "ಎಲ್ಲರೂ ಎಲ್ಲಾ ಕಡೆ ಹೋಗಲೇಬೇಕಾ?" ಅಂತ ಕೇಳಿದರೆ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೇಡ ಅಂತ ಹೇಳಲು ಹೊರಗಿನವರೊಬ್ಬರು ಬೇಕಾಗುತ್ತೆ.

ತಪ್ಪು ಮಾಡಿಲ್ಲ ಅಂತಲ್ಲ. ಈ ಕೆಲಸದ ಮೊದಲ ವರ್ಷ ಒಂದು ಜೋಡಿಯನ್ನು ಮಂಗಳವಾರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಕಳಿಸಿದ್ದೆ. ಲೂವ್ರ್‌ಗೆ ಮಂಗಳವಾರವೇ ರಜೆ. ಅವರು ಪ್ಯಾರಿಸ್‌ನಲ್ಲಿ ಇದ್ದದ್ದು ಎರಡು ದಿನ. ಮುಚ್ಚಿದ ಬಾಗಿಲಿನ ಫೋಟೋ ಕಳಿಸಿದರು, ಒಂದು ಮಾತೂ ಬರೆದಿರಲಿಲ್ಲ. ಫೀಸು ವಾಪಸ್ ಕೊಟ್ಟೆ. ಅಂದಿನಿಂದ ನನ್ನ ಶೀಟಿನಲ್ಲಿ ತಾರೀಕಿನ ಪಕ್ಕ ವಾರ ಬರೆಯದೆ ಏನನ್ನೂ ತುಂಬುವುದಿಲ್ಲ. ಈಗೀಗ ಜನ ಚಾಟ್‌ಬಾಟ್ ಕೊಟ್ಟ ಪ್ಲ್ಯಾನ್ ತಂದು "ಇದು ಸರಿಯಿದೆಯಾ ನೋಡಿ" ಅನ್ನುತ್ತಾರೆ. ಮೊದಲು ಹುಡುಕುವುದೇ ವಾರ. ಸೋಮವಾರ ಫ್ಲಾರೆನ್ಸ್‌ನ ಉಫೀಜಿ ಮ್ಯೂಸಿಯಂ ಅಂತ ಬರೆದಿರುತ್ತೆ, ಅದಕ್ಕೆ ಸೋಮವಾರ ರಜೆ. ನಗು ಬರುತ್ತೆ, ಲೂವ್ರ್ ನೆನಪಾಗಿ ಸುಮ್ಮನಾಗುತ್ತೇನೆ.

ನೀವು ಇಂಥ ಸೇವೆ ಹಿಡಿಯುವುದಾದರೆ ಮೊದಲೇ ಕೇಳಿ: ನಿಮ್ಮ ದುಡ್ಡು ಎಲ್ಲಿಂದ ಬರುತ್ತೆ? ಕೆಲವರು ಪ್ಲ್ಯಾನಿಗೆ ಫೀಸು ತಗೊಳ್ತಾರೆ. ಕೆಲವರು ಫ್ರೀ ಅಂತಾರೆ, ಕಮಿಷನ್ ಹೋಟೆಲಿನಿಂದ ಬರುತ್ತೆ. ಎರಡೂ ತಪ್ಪಲ್ಲ, ಮುಚ್ಚಿಡುವುದು ತಪ್ಪು. ನೋಡಬೇಕಾದ ಜಾಗಗಳ ಪಟ್ಟಿಗಿಂತ ಕಳೆದ ಪ್ರವಾಸದಲ್ಲಿ ಮನೆಯವರು ಯಾಕೆ ಜಗಳ ಆಡಿದ್ರಿ ಅಂತ ಹೇಳಿದರೆ ನನಗೆ ಜಾಸ್ತಿ ಉಪಯೋಗ. ನಿಜವಾಗ್ಲೂ.

ಆ ಮಿಲಾನ್ ಕುಟುಂಬ ವೆನಿಸ್‌ಗೆ ಹೊರಡಬೇಕಿದ್ದ ಶುಕ್ರವಾರ ರೈಲು ಮುಷ್ಕರ. ಇಟಲಿಯಲ್ಲಿ ಮುಷ್ಕರವನ್ನೂ ಮುಂಚೆಯೇ ಘೋಷಿಸುತ್ತಾರೆ. ಆ ದಿನವೂ ಖಚಿತವಾಗಿ ಓಡುವ ದೂರದ ರೈಲುಗಳ ಪಟ್ಟಿ ಇರುತ್ತೆ. ಎರಡು ದಿನ ಮೊದಲೇ ಅವರ ಟಿಕೆಟನ್ನು ಆ ಪಟ್ಟಿಯಲ್ಲಿದ್ದ ರೈಲಿಗೆ ಬದಲಾಯಿಸಿ ಮೆಸೇಜ್ ಹಾಕಿದ್ದೆ. ಸ್ಟೇಷನ್‌ನಿಂದ ಮಗಳು ಬೋರ್ಡಿನ ಫೋಟೋ ಕಳಿಸಿದಳು. ಎಷ್ಟೋ ರೈಲುಗಳ ಮುಂದೆ ರದ್ದು ಅಂತಿತ್ತು, ಅವರದ್ದರ ಮುಂದೆ ಪ್ಲಾಟ್‌ಫಾರಂ ನಂಬರ್.

ವಾಪಸ್ ಬಂದ ಮೇಲೆ ಅಮ್ಮನೇ ಫೋನ್ ಮಾಡಿದರು. ಅಪ್ಪ ಮಗಳು ಪೊಂಪೇಗೆ ಹೋದ ದಿನ ಇವರು ಹೋಟೆಲಿನಲ್ಲಿ ಮಲಗಿರಲಿಲ್ಲವಂತೆ. ಎದುರಿಗೆ ನಿಂತ ಸಿಟಿ ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ನಂಬರಿನ ಬಸ್ಸಿನಲ್ಲಿ ವಾಪಸ್. ಹೀಗೆ ಎರಡು ಸಲ. "ಒಂದು ಮೆಟ್ಟಿಲೂ ಇಳಿಯೋ ಹಾಗಿರಲಿಲ್ಲ ನೋಡಪ್ಪ, ಬಸ್ಸಿನದ್ದು ಬಿಟ್ಟರೆ." ಇದು ನನ್ನ ಪ್ಲ್ಯಾನಿನಲ್ಲಿ ಇರಲಿಲ್ಲ. ಬಸ್ಸಿನ ನಂಬರ್ ಕೇಳಿ ಬರೆದಿಟ್ಟುಕೊಂಡೆ.